ನೆರವಿಗಿಂತ ಮೊದಲು ಹಕ್ಕು

ಕೇಳುಗರಿಗೆ ನಮಸ್ಕಾರ.

ಪಾವಗಡ, ಮಧುಗಿರಿ, ಬಾಗೇಪಲ್ಲಿ ಸೀಮೆಯಲ್ಲಿ ಕಡಲೆಕಾಯಿ ಕೀಳುವ ದಿನಗಳು ಬಂದರೆ ಜೊತೆಗೆ ಹಾವಿನ ಭಯವೂ ಬರುತ್ತದೆ. ಗಿಡದ ಬುಡಕ್ಕೆ ಕೈ ಹಾಕುವ ಹೆಂಗಸರಿಗೆ ಮಣ್ಣಿನ ಬಣ್ಣದ ಕೊಳಕುಮಂಡಲ ಕಾಣುವುದು ಎಷ್ಟೋ ಸಲ ಕಚ್ಚಿದ ಮೇಲೆಯೇ. ಅವರನ್ನು ಎತ್ತಿಕೊಂಡು ತಾಲ್ಲೂಕು ಆಸ್ಪತ್ರೆಗೆ ಓಡುತ್ತೇವೆ. ಅಲ್ಲಿ ಕೊಡುವ ಚುಚ್ಚುಮದ್ದು ಜೀವ ಉಳಿಸುತ್ತದೆ. ಆ ಮದ್ದು ತಯಾರಾಗುವುದು ಹಾವಿನ ವಿಷದಿಂದಲೇ. ನಮ್ಮ ದೇಶದ ಔಷಧ ತಯಾರಕರಿಗೆ ಆ ವಿಷದ ಬಹುಪಾಲನ್ನು ಒದಗಿಸುತ್ತ ಬಂದವರು ಚೆನ್ನೈ ಹತ್ತಿರದ ವಡನೆಮ್ಮೆಲಿಯ ಇರುಳ ಬುಡಕಟ್ಟಿನವರು.

ಇರುಳರು ತಲೆಮಾರುಗಳಿಂದ ಹಾವು, ಇಲಿ ಹಿಡಿದು ಬದುಕಿದವರು. ಒಂದು ಕಾಲಕ್ಕೆ ಹಾವಿನ ಚರ್ಮದ ವ್ಯಾಪಾರಿಗಳೇ ಅವರ ಗಿರಾಕಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಚರ್ಮದ ರಫ್ತೂ ನಿಂತಿತು. ಅಲ್ಲಿಯವರೆಗೆ ಕಸುಬಾಗಿದ್ದದ್ದು ಅಪರಾಧವಾಯಿತು. ಆಗ 1978ರಲ್ಲಿ ಅವರದೇ ಸಹಕಾರ ಸಂಘ ಹುಟ್ಟಿತು. ಸರ್ಕಾರದ ಪರವಾನಗಿ ಪಡೆದು ಹಾವು ಹಿಡಿಯುತ್ತಾರೆ, ಕೆಲವು ವಾರ ಮಣ್ಣಿನ ಮಡಕೆಯಲ್ಲಿಟ್ಟು ವಿಷ ತೆಗೆಯುತ್ತಾರೆ, ಮತ್ತೆ ಬಯಲಿಗೆ ಬಿಡುತ್ತಾರೆ. 2023ರಲ್ಲಿ ಆ ಸಮುದಾಯದ ಮಾಸಿ ಸಡೈಯನ್ ಮತ್ತು ವಡಿವೇಲ್ ಗೋಪಾಲ್ ಅವರಿಗೆ ಪದ್ಮಶ್ರೀ ಬಂತು.

ಇರುಳರಿಗೆ ಹಾವು ಹಿಡಿಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ವಿದ್ಯೆ ಅವರ ಕೈಯಲ್ಲೇ ಇತ್ತು. ಹೊಸದಾಗಿ ಸಿಕ್ಕಿದ್ದು ಪರವಾನಗಿ ಮತ್ತು ತಮ್ಮ ಸರಕನ್ನು ತಾವೇ ಮಾರುವ ಸಂಘ. ಬುಡಕಟ್ಟು ಜನರ ಅಭಿವೃದ್ಧಿಯ ಬಗ್ಗೆ ನಾವು ಆಡುವ ಮಾತುಗಳಲ್ಲಿ ತರಬೇತಿ, ಸಹಾಯಧನ, ಹೊಲಿಗೆ ಯಂತ್ರ ಎಲ್ಲವೂ ಬರುತ್ತವೆ. ಹಕ್ಕು ಮಾತ್ರ ಕಡೆಗೆ ಬರುತ್ತದೆ, ಅದೂ ಸಮಯ ಉಳಿದಿದ್ದರೆ. ಈ ಕ್ರಮ ತಲೆಕೆಳಗಾಗಿದೆ ಎಂಬುದೇ ನಾನು ಇವತ್ತು ಹೇಳಬೇಕಾಗಿರುವುದು.

ನಮ್ಮ ಕಡೆಗೆ ಬರೋಣ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡದವರು 42 ಲಕ್ಷಕ್ಕೂ ಹೆಚ್ಚು, ಅಂದರೆ ನೂರಕ್ಕೆ ಸುಮಾರು ಏಳು ಜನ. ಅವರಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ನಾಯಕ ಸಮುದಾಯದವರು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಊರೂರುಗಳಲ್ಲಿ ಅವರಿದ್ದಾರೆ. ಆದರೆ ಬುಡಕಟ್ಟು ಎಂದಕೂಡಲೇ ನಮ್ಮ ಕಣ್ಣ ಮುಂದೆ ದಟ್ಟ ಕಾಡು, ಜೇನುಹುಟ್ಟು, ಹುಲ್ಲಿನ ಜೋಪಡಿ ನಿಲ್ಲುತ್ತವೆ. ಪಕ್ಕದ ಬೀದಿಯಲ್ಲಿ ಕೂಲಿಗೆ ಹೊರಟು ನಿಂತ ಮನುಷ್ಯ ಆ ಚಿತ್ರದಲ್ಲಿ ಕಾಣಿಸುವುದಿಲ್ಲ. ಆ ಸಮುದಾಯದ ಕೆಲವರು ಓದಿ ಅಧಿಕಾರಿಗಳಾಗಿದ್ದಾರೆ, ಶಾಸಕರಾಗಿದ್ದಾರೆ. ಅದು ಸಂತೋಷದ ವಿಷಯ. ಒಬ್ಬರ ಮನೆ ಮುಂದೆ ಕಾರು ನಿಂತಿತೆಂದು ಇಡೀ ಕೇರಿಯೇ ಮುಂದುವರಿಯಿತು ಎನ್ನುವವರನ್ನು ಕಂಡರೆ ಮಾತ್ರ ನನಗೆ ನೋವಾಗುತ್ತದೆ.

ಬಯಲುಸೀಮೆಯ ಈ ಜನರಿಗೆ ಕಾಡೆಂದರೆ ಕುರುಚಲು ಬೆಟ್ಟ, ಗೋಮಾಳ, ಕೆರೆಯಂಗಳ ಮತ್ತು ಹುಣಸೆ ಮರಗಳ ಸಾಲು. ಆಷಾಢ, ಶ್ರಾವಣ ಕಳೆದು ಸೀತಾಫಲ ಬಿಟ್ಟಾಗ ಬುಟ್ಟಿ ಹೊತ್ತು ಬೆಟ್ಟ ಹತ್ತುತ್ತಾರೆ. ಬೇಸಿಗೆಯ ಮೊದಲಿಗೆ ಹೊಂಗೆ, ಆಮೇಲೆ ಬೇವಿನ ಬೀಜ ಆಯುತ್ತಾರೆ. ಈಚಲು ಗರಿಯಿಂದ ಪೊರಕೆ, ಚಾಪೆ ಮಾಡುತ್ತಾರೆ. ಬಂಡೆಗಳ ಸಂದಿನಲ್ಲಿ ಸಿಗುವ ಮಾಗಳಿ ಬೇರನ್ನು ನಾವು ಉಪ್ಪಿನಕಾಯಿ ಹಾಕಿ ಚಪ್ಪರಿಸುತ್ತೇವೆ. ಅದನ್ನು ಅಗೆದು ತರುವವರು ಯಾರೆಂದು ಕೇಳುವವರು ಕಡಿಮೆ. ಬೇಡಿಕೆ ಹೆಚ್ಚಿದಂತೆ ಗಡ್ಡೆಯೆಲ್ಲ ಕಿತ್ತು ಬಳ್ಳಿಯೇ ಬರಿದಾಗುತ್ತಿದೆ. ಬೆಟ್ಟ ತನ್ನದು ಎಂಬ ಭರವಸೆ ಇದ್ದವನು ಬರುವ ವರ್ಷಕ್ಕೆಂದು ಒಂದಿಷ್ಟು ಬೇರು ಉಳಿಸುತ್ತಾನೆ. ನಾಳೆ ಯಾರು ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಸ್ಥಿತಿಯಲ್ಲಿರುವವನು ಇಂದೇ ಅಗೆಯುತ್ತಾನೆ.

ಹುಣಸೆಯ ವಿಷಯವನ್ನು ಸ್ವಲ್ಪ ನಿಂತು ನೋಡಬೇಕು. ತುಮಕೂರಿನ ಹುಣಸೆ ಮಾರುಕಟ್ಟೆ ದೊಡ್ಡದು, ಹೆಸರುವಾಸಿ. ಫಸಲು ಬಂದಾಗ ಗಂಡಸರು ಮರ ಹತ್ತಿ ಕೊಂಬೆ ಬಡಿಯುತ್ತಾರೆ, ಹೆಂಗಸರು ಆಯ್ದು, ಸಿಪ್ಪೆ ಒಡೆದು, ನಾರು ಬಿಡಿಸಿ, ಕುಟ್ಟಿ ಬೀಜ ತೆಗೆಯುತ್ತಾರೆ. ಬೆರಳ ಸಂದುಗಳು ಹುಳಿಗೆ ಬಿರಿಯುತ್ತವೆ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ನಮ್ಮ ಊರುಗಳಲ್ಲಿ ಇದ್ದಾರೆ. ಆದರೆ ರಸ್ತೆ ಬದಿಯ ಮರದ ಫಸಲು ಹರಾಜಿನಲ್ಲಿ ಹೋಗುವುದು ಕೈಯಲ್ಲಿ ದುಡ್ಡಿರುವ ಗುತ್ತಿಗೆದಾರನಿಗೆ. ಹತ್ತಿದವನಿಗೂ ಕುಟ್ಟಿದವಳಿಗೂ ದಿನಗೂಲಿ ಮಾತ್ರ. ಹಣ್ಣನ್ನು ಶೀತಲಗೃಹದಲ್ಲಿಟ್ಟು ಬೆಲೆ ಏರುವವರೆಗೆ ಕಾಯುವ ಶಕ್ತಿ ಬೇರೆಯವರದು. ಕಿರು ಅರಣ್ಯ ಉತ್ಪನ್ನಗಳಿಗೆ, ಅಂದರೆ ಹಣ್ಣು, ಬೀಜ, ಜೇನಿನಂಥವಕ್ಕೆ, ಕನಿಷ್ಠ ಬೆಂಬಲ ಬೆಲೆ ಕೊಡುವ ಕೇಂದ್ರದ ಯೋಜನೆ 2013-14ರಿಂದ ಇದೆ, ಅದರಲ್ಲಿ ಹುಣಸೆಯೂ ಇದೆ. ಹಣ್ಣೇ ತನ್ನದಲ್ಲದ ಕೂಲಿಯವಳಿಗೆ ಬೆಂಬಲ ಬೆಲೆಯಿಂದ ಏನು ಸಿಗುತ್ತದೆ?

ಇದಕ್ಕೆ ಕಾನೂನಿನಲ್ಲಿ ದಾರಿ ಇಲ್ಲವೆಂದಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ, ಕಾಡನ್ನು ನಂಬಿದ ಬುಡಕಟ್ಟು ಜನರಿಗೆ ಎರಡು ಬಗೆಯ ಹಕ್ಕು ಕೊಡುತ್ತದೆ. ಒಂದು, ಉಳುಮೆ ಮಾಡಿಕೊಂಡು ಬಂದ ಅರಣ್ಯ ಭೂಮಿಗೆ, ಗರಿಷ್ಠ ನಾಲ್ಕು ಹೆಕ್ಟೇರಿನವರೆಗೆ. ಇನ್ನೊಂದು, ಕಿರು ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವ ಸಮುದಾಯದ ಹಕ್ಕು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ಈ ಎರಡನೆಯದಕ್ಕಾಗಿ ಪಟ್ಟು ಹಿಡಿದರು. ಅಭಯಾರಣ್ಯದ ನಿಯಮದಿಂದ ಜೇನು, ನೆಲ್ಲಿಕಾಯಿ, ಪಾಚಿ ತರುವುದು ನಿಂತುಹೋಗಿತ್ತು. ಪೋಡು ಎಂದು ಕರೆಯುವ ತಮ್ಮ ಹಾಡಿಗಳಲ್ಲಿ ಗ್ರಾಮಸಭೆ ಸೇರಿ ಅರ್ಜಿ ಹಾಕಿದರು. 2011ರ ಆರಂಭದಲ್ಲಿ ಆ ಕಾಡು ಹುಲಿ ರಕ್ಷಿತಾರಣ್ಯವಾಯಿತು, ಅದೇ ವರ್ಷ ಸೋಲಿಗರ ಸಮುದಾಯ ಹಕ್ಕಿಗೂ ಮನ್ನಣೆ ಸಿಕ್ಕಿತು. ದೇವರಾಯನದುರ್ಗದಲ್ಲೂ ಮಧುಗಿರಿಯಲ್ಲೂ ಅರಣ್ಯ ಇಲಾಖೆಯ ಗಡಿಯೊಳಗಿರುವ ಬೆಟ್ಟಗಳಿಗೆ ಅನ್ವಯವಾಗುವುದು ಇದೇ ಕಾಯ್ದೆ. ಆದರೆ ನಮ್ಮ ಗ್ರಾಮಸಭೆಗಳಲ್ಲಿ ಮನೆ, ಚರಂಡಿ, ಬೀದಿ ದೀಪದ ಪಟ್ಟಿ ಓದಿ ಮುಗಿಸುವಷ್ಟರಲ್ಲಿ ಜನ ಎದ್ದು ಹೋಗಿರುತ್ತಾರೆ.

ಒಂದು ತೊಡಕಿದೆ. ಬಯಲುಸೀಮೆಯ ಜನ ನಂಬಿದ ನೆಲದ ದೊಡ್ಡ ಪಾಲು ಕಂದಾಯ ಇಲಾಖೆಯ ಗೋಮಾಳ. ಅರಣ್ಯ ಹಕ್ಕು ಕಾಯ್ದೆ ಅಲ್ಲಿಗೆ ಬರುವುದಿಲ್ಲ. ಅಲ್ಲಿ ಉಳುವವರಿಗೆ, ಅಪ್ಪಣೆಯಿಲ್ಲದೆ ಉಳುತ್ತಿರುವ ಸರ್ಕಾರಿ ನೆಲವನ್ನು ಸಕ್ರಮ ಮಾಡಿಕೊಡಿ ಎಂದು ಕೇಳುವ ಬಗರ್ ಹುಕುಂ ಅರ್ಜಿಯೇ ಗತಿ. ನಮೂನೆ 50, 53, 57 ಎಂದು ತಂದೆ ಹಾಕಿದ ಅರ್ಜಿಯ ಹಿಂದೆ ಮಗ ಅಲೆಯುವ ಮನೆಗಳು ಎಷ್ಟೋ. ಮಂಜೂರಾದ ಮೇಲೂ ಜಮೀನು ಕೈಯಲ್ಲಿ ಉಳಿಯುವುದು ಖಚಿತವಿಲ್ಲ. ಮದುವೆಗೋ ಆಸ್ಪತ್ರೆಗೋ ಸಾಲ ಮಾಡಿ, ಅದೇ ಸಾಲಕ್ಕೆ ಜಮೀನು ಬರೆದುಕೊಟ್ಟವರಿದ್ದಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಮಾರಿದರೆ ಅದು ಊರ್ಜಿತವಲ್ಲ ಎಂದು 1978ರ ಜಮೀನು ಪರಭಾರೆ ನಿಷೇಧ ಕಾಯ್ದೆ, ಅಂದರೆ ಪಿಟಿಸಿಎಲ್ ಕಾಯ್ದೆ ಹೇಳುತ್ತದೆ. ತಡವಾಗಿ ಬಂದಿರಿ ಎಂಬ ಕಾರಣಕ್ಕೆ ನ್ಯಾಯಾಲಯಗಳಲ್ಲಿ ಅನೇಕ ಅರ್ಜಿಗಳು ಬಿದ್ದುಹೋದವು. ಅದಕ್ಕಾಗಿಯೇ 2023ರಲ್ಲಿ ತಿದ್ದುಪಡಿ ತಂದು, ಜಮೀನು ಮರಳಿ ಕೇಳಲು ಕಾಲಮಿತಿ ಇಲ್ಲವೆಂದು ಮಾಡಲಾಯಿತು. ಈ ಮಾತು ಕೇಳುಗರಲ್ಲಿ ಯಾರಿಗಾದರೂ ಬೇಕಾದದ್ದಾದರೆ, ಹಳೆಯ ಮಂಜೂರಾತಿ ಪತ್ರವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ಉಪವಿಭಾಗಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಸಲ್ಲಿಸಬಹುದು.

ಕಾಗದ ಇದ್ದವರಿಗೂ ಇಲ್ಲದವರಿಗೂ ಎಷ್ಟು ಅಂತರ ಎಂಬುದನ್ನು ಪಾವಗಡದ ಸೋಲಾರ್ ಪಾರ್ಕ್‌ನಷ್ಟು ಸ್ಪಷ್ಟವಾಗಿ ಇನ್ನಾವುದೂ ತೋರಿಸುವುದಿಲ್ಲ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ವಿದ್ಯುತ್ ತಯಾರಾಗುತ್ತದೆ. ಜಮೀನನ್ನು ಕಿತ್ತುಕೊಳ್ಳದೆ ಗೇಣಿಗೆ ಪಡೆದದ್ದು ಒಳ್ಳೆಯ ಆಲೋಚನೆ. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಶುರುವಾಗಿ ಎರಡು ವರ್ಷಕ್ಕೊಮ್ಮೆ ಶೇಕಡಾ ಐದು ಏರುವ ಕರಾರು. ಮಳೆ ನಂಬಿ ಸೋತ ಎಷ್ಟೋ ರೈತರಿಗೆ ಇದು ಆಸರೆಯಾಯಿತು, ಅದನ್ನು ಒಪ್ಪಲೇಬೇಕು. ಆದರೆ ಕರಾರು ಆದದ್ದು ಪಹಣಿಯಲ್ಲಿ ಹೆಸರಿದ್ದವರ ಜೊತೆ. ಅದೇ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದ ಭೂಮಿಯಿಲ್ಲದ ಕುಟುಂಬಗಳಿಗೆ ಕೂಲಿ ಹೋಯಿತು. ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಅಡ್ಡ ಬಂತು. ಫಲಕ ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಕೆಲವರಿಗೆ ಸಿಕ್ಕಿದೆ. ಉಳಿದವರು ಬೆಂಗಳೂರಿನ ಬಸ್ ಹತ್ತುತ್ತಾರೆ.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಇನ್ನಷ್ಟು ಜಮೀನಿನಲ್ಲಿ ಫಲಕ ಹಾಸುವ ಯೋಚನೆ ಬಂದಾಗ, ಕರಾರಿಗೆ ಸಹಿ ಬೀಳುವ ಮೊದಲು ಆ ಊರಿನ ಭೂಮಿಯಿಲ್ಲದವರ ಮತ್ತು ಕುರಿಗಾಹಿಗಳ ಪಟ್ಟಿಯನ್ನು ಗ್ರಾಮಸಭೆಯಲ್ಲೇ ಓದಿ ಒಪ್ಪಿಸಬೇಕು. ಗೇಣಿಯ ಒಂದು ಪಾಲು ಅವರಿಗೆ ವರ್ಷ ವರ್ಷವೂ ಸೇರುವಂತೆ ಕರಾರಿನಲ್ಲೇ ಬರೆಯಬೇಕು. ಬೇಲಿಯೊಳಗಿನ ಹುಲ್ಲನ್ನು ಗುತ್ತಿಗೆದಾರನಿಗಲ್ಲ, ಅವರ ಸಂಘಕ್ಕೆ ಕೊಡಬೇಕು. ರಸ್ತೆ ಬದಿಯ ಹುಣಸೆ ಫಸಲಿಗೂ ಇದೇ ನಿಯಮ ಸಾಕು. ಹರಾಜಿನ ಕೂಗು ಏಳುವ ಮುನ್ನ, ಮರ ಹತ್ತುವವರ ಸಂಘ ಮುಂದೆ ಬಂದರೆ ನಿಗದಿತ ಬೆಲೆಗೆ ಫಸಲು ಅವರಿಗೇ ಸಿಗಬೇಕು.

ನಮಸ್ಕಾರ.