ಕೇಸ್ ಇದ್ದವರ ವಿದೇಶ ಪ್ರಯಾಣ

ಶ್ರೋತೃಗಳಿಗೆ ನಮಸ್ಕಾರ.

ಮಗಳ ಬಾಣಂತನಕ್ಕೋ ಮಗನ ಮನೆ ನೋಡುವುದಕ್ಕೋ ವಿದೇಶಕ್ಕೆ ಹೊರಡಬೇಕು, ಆದರೆ ಎಂದೋ ಆದ ಒಂದು ಪೊಲೀಸ್ ಕೇಸ್ ಹೆಸರಿಗೆ ಅಂಟಿಕೊಂಡಿದೆ. ಇವತ್ತು ಅಂಥವರ ಜೊತೆ ಮಾತಾಡುತ್ತೇನೆ. ಹೇಳಬೇಕಾದದ್ದು ಒಂದೇ: ಅರ್ಜಿಯಲ್ಲಿ ಕೇಳಿದ್ದಕ್ಕೆ ನಿಜ ಬರೆಯಿರಿ, ಜೊತೆಗೆ ಕೋರ್ಟಿನ ಕಾಗದ ಇಡಿ. ಕೇಸಿನಿಂದ ಕೆಟ್ಟ ಪ್ರಯಾಣಗಳಿಗಿಂತ ಕೇಸ್ ಮುಚ್ಚಿಟ್ಟು ಕೆಟ್ಟ ಪ್ರಯಾಣಗಳೇ ಹೆಚ್ಚು.

ಕ್ರಿಮಿನಲ್ ಕೇಸ್ ಅಂದರೆ ಕೊಲೆ, ಕಳ್ಳತನ ಅಂದುಕೊಂಡವರು ಬಹಳ ಮಂದಿ. ಚೆಕ್ ಬೌನ್ಸ್ ಕೂಡ ಕ್ರಿಮಿನಲ್ ಕೇಸೇ. ಸ್ಕೂಟರ್ ತಾಗಿ ಯಾರಿಗೋ ಪೆಟ್ಟಾಗಿದ್ದರೆ ಅದೂ ಹೌದು. ರಾತ್ರಿ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದು, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದಿದ್ದರೆ, ಕಾನೂನಿನ ಕಣ್ಣಿನಲ್ಲಿ ನೀವು ಶಿಕ್ಷೆಗೊಳಗಾದವರು. ಟ್ರಾಫಿಕ್ ದಂಡ ಅಂದುಕೊಂಡು ಅದನ್ನು ಮರೆಯಬೇಡಿ.

ನಮ್ಮ ಪಾಸ್‌ಪೋರ್ಟ್ ಕಾಯಿದೆ 1967ರದು. ಅದರ 6ನೇ ಕಲಮಿನ ಪ್ರಕಾರ, ಭಾರತದ ಕ್ರಿಮಿನಲ್ ಕೋರ್ಟಿನಲ್ಲಿ ಕೇಸ್ ಬಾಕಿ ಇದ್ದರೆ ಪಾಸ್‌ಪೋರ್ಟ್ ಕೊಡುವುದಿಲ್ಲ. ನೈತಿಕ ಅಧಃಪತನದ, ಅಂದರೆ ಮೋಸ, ಕಳ್ಳತನದಂಥ ನೀತಿಗೆಟ್ಟ ಅಪರಾಧಕ್ಕೆ ಎರಡು ವರ್ಷ ಅಥವಾ ಹೆಚ್ಚು ಜೈಲು ಶಿಕ್ಷೆ ಆಗಿದ್ದರೆ, ತೀರ್ಪಿನ ನಂತರ ಐದು ವರ್ಷ ಕಾಯಬೇಕು. ಬರೀ ಎಫ್‌ಐಆರ್ ಆಗಿದೆ, ತನಿಖೆ ನಡೆಯುತ್ತಿದೆ ಅಂದರೆ ಅದು ಬಾಕಿ ಕೇಸ್ ಆಗುವುದಿಲ್ಲ. ಚಾರ್ಜ್‌ಶೀಟ್ ಹೋಗಿ, ಕೋರ್ಟು ಕಾಗ್ನಿಜೆನ್ಸ್ ತೆಗೆದುಕೊಂಡಿರಬೇಕು, ಅಂದರೆ ಕೇಸನ್ನು ವಿಚಾರಣೆಗೆ ಎತ್ತಿಕೊಂಡಿರಬೇಕು. ವಿದೇಶಾಂಗ ಸಚಿವಾಲಯವೇ 2019ರ ಅಕ್ಟೋಬರ್‌ನಲ್ಲಿ ಇದನ್ನು ಸ್ಪಷ್ಟ ಮಾಡಿದೆ.

ಒಂದು ಪ್ರಕರಣ ಹೇಳುತ್ತೇನೆ, ಸ್ವಲ್ಪ ಉದ್ದ, ಆದರೆ ಎಲ್ಲ ಪಾಠವೂ ಅದರಲ್ಲೇ ಇದೆ. ರಾಜಾಜಿನಗರದ ಕಡೆಯ ನಿವೃತ್ತ ನೌಕರರು. ಕಾಂಪೌಂಡ್ ಗೋಡೆ ವಿಷಯಕ್ಕೆ ಪಕ್ಕದ ಮನೆಯವರ ಜೊತೆ ಹಿಂದೆ ಜಗಳವಾಗಿ, ಇಬ್ಬರೂ ಠಾಣೆಗೆ ಹೋಗಿದ್ದರು. ಆಗಿನ ಭಾರತೀಯ ದಂಡ ಸಂಹಿತೆಯ 323, 504, 506, ಅಂದರೆ ಹೊಡೆತ, ಅವಮಾನ, ಬೆದರಿಕೆ, ಅದೇ ಮಾಮೂಲಿ ಕಲಮುಗಳು. ಠಾಣೆಯಲ್ಲಿ ಜಾಮೀನು ಕೊಟ್ಟು ಮನೆಗೆ ಬಂದರು, ಹಿರಿಯರು ಕೂತು ರಾಜಿ ಮಾಡಿಸಿದರು, ಹಬ್ಬಕ್ಕೆ ಹೋಳಿಗೆಯೂ ಆಚೆ ಈಚೆ ಹೋಯಿತು. ಕೇಸ್ ಮುಗಿಯಿತು ಅಂದುಕೊಂಡರು. ಮುಗಿದಿರಲಿಲ್ಲ. ಚಾರ್ಜ್‌ಶೀಟ್ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ ಕೂತಿತ್ತು.

ಟೊರಾಂಟೊದಲ್ಲಿ ಮಗಳು ತುಂಬು ಗರ್ಭಿಣಿ. ಇವರ ಪಾಸ್‌ಪೋರ್ಟ್ ಅವಧಿ ಮುಗಿದಿತ್ತು. ನವೀಕರಣದ ಅರ್ಜಿಯಲ್ಲಿ ಕೇಸ್ ಬಾಕಿ ಇದೆಯೇ ಎಂಬ ಪ್ರಶ್ನೆಗೆ 'ಇಲ್ಲ' ಎಂದು ಹಾಕಿದರು. ಹಾಕಿಸಿದವನು ಏಜೆಂಟ್. ಪೊಲೀಸ್ ವೆರಿಫಿಕೇಶನ್‌ನಲ್ಲಿ ಹಳೆಯ ಕ್ರೈಮ್ ನಂಬರ್ ಎದ್ದು ಬಂತು. ಮಾಹಿತಿ ಮುಚ್ಚಿಟ್ಟಿದ್ದೇಕೆ ಎಂದು ಪಾಸ್‌ಪೋರ್ಟ್ ಕಚೇರಿಯಿಂದ ನೋಟಿಸ್. ಗೊತ್ತಿದ್ದೂ ಸುಳ್ಳು ಮಾಹಿತಿ ಕೊಟ್ಟರೆ ಪಾಸ್‌ಪೋರ್ಟ್ ಕಾಯಿದೆಯ 12ನೇ ಕಲಮಿನಲ್ಲಿ ಎರಡು ವರ್ಷದವರೆಗೆ ಜೈಲು ಇದೆ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಏಜೆಂಟ್ ಫೋನ್ ಎತ್ತಲಿಲ್ಲ. ಅವರು ಎತ್ತುವುದೂ ಇಲ್ಲ.

ಆಮೇಲೆ ವಕೀಲರ ಮೂಲಕ, ಕೇಸ್ ನಡೆಯುತ್ತಿರುವ ಕೋರ್ಟಿನಲ್ಲೇ ಅನುಮತಿ ಕೇಳಿದರು. 1993ರ ಆಗಸ್ಟ್ 25ರ ಕೇಂದ್ರದ ಅಧಿಸೂಚನೆ ಇದಕ್ಕೆಂದೇ ಇದೆ: ಕೋರ್ಟು ದೇಶ ಬಿಟ್ಟು ಹೋಗಲು ಅನುಮತಿಸಿದ ಆದೇಶ, ಕರೆದಾಗ ಹಾಜರಾಗುತ್ತೇನೆಂಬ ಮುಚ್ಚಳಿಕೆ, ಎರಡೂ ಕೊಟ್ಟರೆ ಬಾಕಿ ಕೇಸ್ ಇದ್ದರೂ ಪಾಸ್‌ಪೋರ್ಟ್ ಸಿಗುತ್ತದೆ. ಆದೇಶ ಬಂತು. ಆದರೆ ಎಷ್ಟು ವರ್ಷಕ್ಕೆ ಎಂದು ಅದರಲ್ಲಿ ಬರೆದಿರಲಿಲ್ಲ. ದಯವಿಟ್ಟು ಇಲ್ಲಿ ಗಮನ ಕೊಡಿ. ಅವಧಿ ಬರೆದಿಲ್ಲದಿದ್ದರೆ ಒಂದೇ ವರ್ಷದ ಪಾಸ್‌ಪೋರ್ಟ್ ಕೊಡಬೇಕೆಂದು ಅದೇ ಅಧಿಸೂಚನೆ ಹೇಳುತ್ತದೆ. ಕೈಗೆ ಬಂದದ್ದು ಒಂದು ವರ್ಷದ ಪಾಸ್‌ಪೋರ್ಟ್. ಕೆನಡಾದ ವೀಸಾ ಪಾಸ್‌ಪೋರ್ಟಿನ ಅವಧಿ ದಾಟಿ ಸಿಗುವುದಿಲ್ಲ, ವೀಸಾ ಬರುವಷ್ಟರಲ್ಲೇ ತಿಂಗಳುಗಳು ಉರುಳುತ್ತವೆ. ಅಲ್ಲಿ ಮಗುವಿನ ನಾಮಕರಣವೂ ಮುಗಿಯಿತು. ಅದಕ್ಕೇ ವಕೀಲರಿಗೆ ಹೇಳಿ: ಅರ್ಜಿಯ ಕೋರಿಕೆಯಲ್ಲೇ ಇಷ್ಟು ವರ್ಷದ ಪಾಸ್‌ಪೋರ್ಟಿಗೆ ಅನುಮತಿ ಬೇಕು ಎಂದು ಬರೆಸಿ, ಆದೇಶದಲ್ಲೂ ಆ ಸಾಲು ಇದೆಯೇ ಎಂದು ನೀವೇ ಓದಿ ನೋಡಿ.

ಕೊನೆಗೆ ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದರು. ಆ ಮೂರೂ ಕಲಮುಗಳು ರಾಜಿಯಾಗಬಲ್ಲವು. ಪಕ್ಕದ ಮನೆಯವರು ಕೋರ್ಟಿಗೇ ಬಂದು ರಾಜಿ ಅರ್ಜಿಗೆ ಸಹಿ ಹಾಕಿದರು. ಕೋರ್ಟಿನಲ್ಲಿ ಆದ ರಾಜಿಗೆ ಖುಲಾಸೆಯ ಬೆಲೆ ಇದೆ, ಜಗಲಿಯ ಮೇಲಿನ ರಾಜಿಗೆ ಇಲ್ಲ. ಖುಲಾಸೆ ಆದೇಶದ ದೃಢೀಕೃತ ನಕಲು ಇಟ್ಟ ಮೇಲೆ ಪೂರ್ಣಾವಧಿಯ ಪಾಸ್‌ಪೋರ್ಟ್ ಬಂತು. ಕೆನಡಾದ ಅರ್ಜಿ, ಎಂದಾದರೂ ಬಂಧನವೋ ಆರೋಪವೋ ಆಗಿದೆಯೇ ಎಂದು ಕೇಳುತ್ತದೆ. ಈ ಸಲ 'ಹೌದು' ಎಂದು ಬರೆದು, ಆದೇಶದ ಇಂಗ್ಲಿಷ್ ಅನುವಾದ ಲಗತ್ತಿಸಿದರು. ವೀಸಾ ಬಂತು. ನಿಜ ಬರೆಯಿರಿ, ಕೋರ್ಟಿನ ಕಾಗದ ಇಡಿ.

ವೀಸಾ ಅರ್ಜಿಯಲ್ಲಿ ಸುಳ್ಳಿನ ಬೆಲೆ ಇನ್ನೂ ದುಬಾರಿ. ಸುಳ್ಳು ಹೇಳಿದ್ದು ಸಾಬೀತಾದರೆ ಕೆನಡಾ ಐದು ವರ್ಷ ಸೇರಿಸುವುದಿಲ್ಲ, ಬ್ರಿಟನ್‌ನಲ್ಲಿ ನಿಷೇಧ ಹತ್ತು ವರ್ಷದವರೆಗೂ ಹೋಗಬಹುದು, ಅಮೆರಿಕದಲ್ಲಿ ಜೀವನಪರ್ಯಂತ. ಅಮೆರಿಕದ ಡಿಎಸ್-160 ಅರ್ಜಿ ಶಿಕ್ಷೆಯ ಜೊತೆಗೆ ಬಂಧನವನ್ನೂ ಕೇಳುತ್ತದೆ. ಠಾಣಾ ಜಾಮೀನಿನ ಮೇಲೆ ಬಿಟ್ಟಿದ್ದರೂ ಬಂಧನ ಆಗಿತ್ತು ಎಂದೇ ಅರ್ಥ. ಖುಲಾಸೆ ಆಯಿತಲ್ಲ, ಇನ್ನೇಕೆ ಹೇಳಬೇಕು ಎಂದು ದಯವಿಟ್ಟು ವಾದ ಮಾಡಬೇಡಿ. ಕುಡಿದು ಗಾಡಿ ಓಡಿಸಿದ್ದನ್ನು ಕೆನಡಾ 2018ರ ಡಿಸೆಂಬರ್ 18ರಿಂದ ಗಂಭೀರ ಅಪರಾಧಗಳ ಸಾಲಿಗೆ ಸೇರಿಸಿದೆ, ಅಲ್ಲಿಗೆ ಹೋಗುವವರು ಮೊದಲೇ ವಕೀಲರನ್ನು ಕಾಣಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಇಕೋರ್ಟ್ಸ್ ಜಾಲತಾಣದಲ್ಲಿ ನಿಮ್ಮ ಹೆಸರು, ಎಫ್‌ಐಆರ್ ನಂಬರ್ ಹಾಕಿ ಇವತ್ತೇ ನೋಡಿ, ಕೇಸಿನ ಸ್ಥಿತಿ ಅಲ್ಲೇ ಗೊತ್ತಾಗುತ್ತದೆ. ಪೊಲೀಸರು ಬಿ ರಿಪೋರ್ಟ್, ಅಂದರೆ ಕೇಸ್ ಮುಚ್ಚಬಹುದೆಂಬ ವರದಿ ಹಾಕಿದ್ದರೆ, ಕೋರ್ಟು ಅದನ್ನು ಒಪ್ಪಿದ ಆದೇಶದ ನಕಲು ಪಡೆಯಿರಿ. ಕೆಲಸದ ವೀಸಾ, ವಲಸೆ ವೀಸಾಗಳಿಗೆ ಪೊಲೀಸ್ ಕ್ಲಿಯರೆನ್ಸ್ ಕೇಳಿದರೆ, ಪಾಸ್‌ಪೋರ್ಟ್ ಸೇವಾ ಮೂಲಕವೇ ಅರ್ಜಿ ಹಾಕಿ, ಶುಲ್ಕ 500 ರೂಪಾಯಿ.

ಇನ್ನು, ಪಾಸ್‌ಪೋರ್ಟ್ ಸಿಕ್ಕಿತು ಅಂದರೆ ಪ್ರಯಾಣಕ್ಕೆ ಅನುಮತಿ ಸಿಕ್ಕಿತು ಅಂತಲ್ಲ. ಜಾಮೀನಿನ ಷರತ್ತಿನಲ್ಲಿ 'ಕೋರ್ಟಿನ ಅನುಮತಿಯಿಲ್ಲದೆ ದೇಶ ಬಿಡಬಾರದು' ಎಂದಿದ್ದರೆ ಆ ಅನುಮತಿ ಬೇರೆಯೇ ಕೇಳಬೇಕು. ಹೋಗುವ ಬರುವ ದಿನಾಂಕ, ಅಲ್ಲಿನ ವಿಳಾಸ, ಕರೆದವರ ಪತ್ರ, ಎಲ್ಲವನ್ನೂ ಅಫಿಡವಿಟ್ಟಿನಲ್ಲಿ ಹಾಕಿ. ಸರ್ಕಾರಿ ವಕೀಲರ ಆಕ್ಷೇಪಣೆಗೆ ಸಮಯ ಹೋಗುತ್ತದೆ, ಹೊರಡುವ ಎರಡು ತಿಂಗಳು ಮುಂಚೆಯೇ ಅರ್ಜಿ ಒಳಗಿರಲಿ. ನಿಮ್ಮ ಮೇಲೆ ಲುಕ್‌ಔಟ್ ಸುತ್ತೋಲೆ, ಅಂದರೆ ದೇಶ ಬಿಡದಂತೆ ತಡೆಯಿರಿ ಎಂಬ ಸೂಚನೆ ಇದ್ದರೆ ಕೆಂಪೇಗೌಡ ವಿಮಾನ ನಿಲ್ದಾಣದ ಇಮಿಗ್ರೇಶನ್‌ನಲ್ಲಿ ನಿಲ್ಲಿಸುತ್ತಾರೆ. ಅದನ್ನು ಹೊರಡಿಸಿದ ಇಲಾಖೆಗೆ ಕೋರ್ಟಿನ ಆದೇಶ ಮುಂಚಿತವಾಗಿ ತಲುಪಿಸಿ, ಸ್ವೀಕೃತಿ ಪಡೆಯಿರಿ. ಆದೇಶದ ದೃಢೀಕೃತ ನಕಲನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಚೆಕ್‌ಇನ್ ಮಾಡುವ ಸೂಟ್‌ಕೇಸಿಗೆ ಹಾಕಬೇಡಿ.

ನಮಸ್ಕಾರ.