ಹತ್ತಿ ಬಿಡಿಸುವ ಕಾಲಕ್ಕೇ ಸುಂಕ ಮನ್ನಾ

ನೀವೀಗ ನೋಡುತ್ತಿರುವುದು ರಾಯಚೂರಿನ ರಾಜೇಂದ್ರ ಗಂಜ್. ಮಾನ್ವಿ, ಸಿರವಾರ, ದೇವದುರ್ಗದ ಎರೆ ಹೊಲಗಳ ಹತ್ತಿ ಮಾರಾಟಕ್ಕೆಂದು ಬಂದು ಸೇರುವ ಈ ಅಂಗಳದ ದರವನ್ನು 2025ರಲ್ಲಿ ಮಳೆ ಮತ್ತು ದಲಾಲರಷ್ಟೇ ಅಲ್ಲ, ವಾಷಿಂಗ್ಟನ್ ಮತ್ತು ದೆಹಲಿಯ ಆದೇಶಗಳೂ ನಿರ್ಧರಿಸಿದವು.

2025ರ ಆಗಸ್ಟ್ 7ರಿಂದ ಅಮೆರಿಕವು ಭಾರತದ ಸರಕುಗಳ ಮೇಲೆ ಶೇ 25ರಷ್ಟು ಸುಂಕ ವಿಧಿಸಿತು. ರಷ್ಯಾದಿಂದ ತೈಲ ಕೊಳ್ಳುತ್ತೇವೆಂಬ ಕಾರಣ ಮುಂದಿಟ್ಟು 27ರಿಂದ ಇನ್ನೂ ಶೇ 25 ಸೇರಿಸಿತು. ತಮಿಳುನಾಡಿನ ತಿರುಪ್ಪೂರಿನಂತಹ ಊರುಗಳ ಸಿದ್ಧ ಉಡುಪು ಕಾರ್ಖಾನೆಗಳಿಗೆ ಇದರಿಂದ ಬಿದ್ದ ಪೆಟ್ಟು ನಿಜವಾದದ್ದು. ಅಲ್ಲಿ ದುಡಿಯುವವರೂ ನಮ್ಮಂತಹ ಹಳ್ಳಿಗಳಿಂದಲೇ ಹೋದವರು, ಅವರಿಗೆ ನೆರವು ಸಿಗಲೇಬೇಕು. ನನ್ನ ತಕರಾರು ಇರುವುದು ಆ ನೆರವಿನ ಹಣ ಯಾರ ಜೇಬಿನಿಂದ ಹೋಯಿತು ಎಂಬುದರ ಬಗ್ಗೆ.

ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿನಿಂದ ಪ್ರಧಾನಿ ನರೇಂದ್ರ ಮೋದಿಯವರು, ರೈತರ ಹಿತಕ್ಕೆ ಧಕ್ಕೆ ತರುವ ಯಾವುದೇ ನೀತಿಯ ಎದುರು ತಾವು ಗೋಡೆಯಂತೆ ನಿಂತಿರುವುದಾಗಿ ಹೇಳಿದರು. ಮೂರು ದಿನಗಳ ನಂತರ, 18ರಂದು, ಹಣಕಾಸು ಸಚಿವಾಲಯವು ಆಮದು ಹತ್ತಿಯ ಮೇಲಿದ್ದ ಶೇ 11ರಷ್ಟು ಸುಂಕವನ್ನು ಸೆಪ್ಟೆಂಬರ್ 30ರವರೆಗೆ ಮನ್ನಾ ಮಾಡಿತು. ಅದು 2021ರ ಬಜೆಟ್‌ನಲ್ಲಿ ಬೆಳೆಗಾರರ ಅನುಕೂಲಕ್ಕೆಂದೇ ಹಾಕಿದ್ದ ಸುಂಕ. ಅಷ್ಟಕ್ಕೇ ನಿಂತಿದ್ದರೆ ನಾನು ಈ ವಿಡಿಯೊ ಮಾಡುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ನಮ್ಮ ಗಿಡಗಳಲ್ಲಿ ಇನ್ನೂ ಕಾಯಿ ಕಟ್ಟುತ್ತಿರುತ್ತದೆ. ಆದರೆ ಆಗಸ್ಟ್ 28ರಂದು ಮನ್ನಾ ಅವಧಿಯನ್ನು ಡಿಸೆಂಬರ್ 31ರವರೆಗೆ ಹಿಗ್ಗಿಸಲಾಯಿತು. ಅಕ್ಟೋಬರ್, ನವೆಂಬರ್, ಡಿಸೆಂಬರ್ ಎಂದರೆ ನಮ್ಮಲ್ಲಿ ಹತ್ತಿ ಬಿಡಿಸಿ ಗಂಜ್‌ಗೆ ತರುವ ತಿಂಗಳುಗಳೇ.

2022ರ ಏಪ್ರಿಲ್‌ನಲ್ಲಿಯೂ ಇದೇ ಸುಂಕವನ್ನು ತೆಗೆದಿದ್ದರು. ಆಗ ಹತ್ತಿಯ ದರ ಕ್ವಿಂಟಲ್‌ಗೆ 10,000 ರೂಪಾಯಿ ದಾಟಿತ್ತು, ರೈತರ ಬಹುಪಾಲು ಮಾಲು ಆಗಲೇ ಮಾರಾಟವಾಗಿ ಹೋಗಿತ್ತು. 2025ರಲ್ಲಿ ದರವೂ ಅಷ್ಟಿರಲಿಲ್ಲ, ಮಾಲೂ ಇನ್ನೂ ರೈತನ ಕೈಯಲ್ಲೇ ಇತ್ತು. ಹೊರದೇಶದ ಅರಳೆ ಸುಂಕವಿಲ್ಲದೆ ಬಂದಿಳಿಯುವಾಗ ಗಿರಣಿಯವರು ಇಲ್ಲಿನ ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರ್ಪಡಿಸುವ ಕಾರ್ಖಾನೆ) ಮಾಲೀಕರಿಗೆ ಹೆಚ್ಚು ಕೊಡುವುದಿಲ್ಲ, ಜಿನ್ನಿಂಗ್‌ನವರು ದಲಾಲರ ಅಡತಿ ಅಂಗಡಿಯಲ್ಲಿ ಹೆಚ್ಚು ಕೂಗುವುದಿಲ್ಲ, ಕೊನೆಗೆ ಆ ಇಳಿತವೆಲ್ಲ ಬೀಜ ಗೊಬ್ಬರವನ್ನು ಉದ್ರಿ ತಂದು ಬಿತ್ತಿದವನ ತಲೆಯ ಮೇಲೆ ಬಂದು ಕೂರುತ್ತದೆ.

ಬೆಂಬಲ ಬೆಲೆ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಕೇಂದ್ರವು 2025-26ರ ಹಂಗಾಮಿಗೆ ಕ್ವಿಂಟಲ್‌ಗೆ 589 ರೂಪಾಯಿ ಏರಿಸಿ ಮಧ್ಯಮ ಎಳೆಯ ಹತ್ತಿಗೆ 7,710, ಉದ್ದ ಎಳೆಯದಕ್ಕೆ 8,110 ರೂಪಾಯಿ ನಿಗದಿ ಮಾಡಿತ್ತು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಆ ಬೆಲೆಗೆ ಕೊಳ್ಳುವ ಸರ್ಕಾರಿ ಸಂಸ್ಥೆಯಾದ ಭಾರತೀಯ ಹತ್ತಿ ನಿಗಮಕ್ಕೆ ಮಾರಬೇಕಾದರೆ ತೇವಾಂಶ ಶೇ 12 ಮೀರಬಾರದು, ಶೇ 8 ದಾಟಿದರೆ ದರದಲ್ಲಿ ಕಡಿತ ಶುರುವಾಗುತ್ತದೆ. ಕಲ್ಯಾಣ ಕರ್ನಾಟಕದ ಹೊಲಗಳನ್ನು ನೀರಲ್ಲಿ ನಿಲ್ಲಿಸಿದ ಮಳೆಯ ವರ್ಷದಲ್ಲಿ ಒಣ ಹತ್ತಿ ಎಲ್ಲಿಂದ ತರುವುದು? ಒಣಗಿಸಿ ಇಟ್ಟುಕೊಳ್ಳೋಣವೆಂದರೆ ಬಿಡಿಸಿದ ಹೆಣ್ಣುಮಕ್ಕಳಿಗೆ ಕಿಲೋ ಲೆಕ್ಕದ ಕೂಲಿ ಕೊಡಬೇಕು, ಆ ಹಣ ಮಾಲು ಮಾರಿದರೆ ಮಾತ್ರ ಬರುತ್ತದೆ. ಇದರ ಮೇಲೆ 2025ರಿಂದ ನಿಗಮದ ಕಪಾಸ್ ಕಿಸಾನ್ ಆಪ್‌ನಲ್ಲಿ ಆಧಾರ್ ಮತ್ತು ಜಮೀನಿನ ದಾಖಲೆ ಕೊಟ್ಟು ನೋಂದಾಯಿಸಿಕೊಳ್ಳಬೇಕು. ಬಾಯಿಮಾತಿನ ಮೇಲೆ ಹೊಲವನ್ನು ಗುತ್ತಿಗೆಗೆ ಹಿಡಿದು ದುಡಿಯುವವನ ಹೆಸರು ಪಹಣಿಯಲ್ಲಿ ಇರುವುದೇ ಇಲ್ಲ. ನಷ್ಟ ಅವನದು, ಬೆಂಬಲ ಬೆಲೆ ಪಹಣಿಯಲ್ಲಿ ಹೆಸರಿದ್ದವನದು.

ಕಾರ್ಖಾನೆಗಳನ್ನು ಉಳಿಸಲು ಬೇರೆ ದಾರಿ ಇರಲಿಲ್ಲವೇ? ಉಡುಪು ರಫ್ತುದಾರರಿಗೆ ಕೇಂದ್ರ ಮತ್ತು ರಾಜ್ಯದ ತೆರಿಗೆಗಳನ್ನು ಮರಳಿಸುವ ಯೋಜನೆಯೊಂದು ವರ್ಷಗಳಿಂದ ಜಾರಿಯಲ್ಲಿದೆ. ಅಮೆರಿಕದ ಸುಂಕ ಇರುವಷ್ಟು ಕಾಲ ಅದರ ಪ್ರಮಾಣವನ್ನು ಹೆಚ್ಚಿಸಿದ್ದರೆ ಹೊರೆ ಬೊಕ್ಕಸದ ಮೇಲೆ, ಅಂದರೆ ದೇಶದ ಎಲ್ಲರ ಮೇಲೆ, ಹಂಚಿಹೋಗುತ್ತಿತ್ತು. ಮುಂದೆ ಎಂದಾದರೂ ಮನ್ನಾ ಮಾಡಲೇಬೇಕಾಗಿ ಬಂದರೆ ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ತಿಂಗಳುಗಳನ್ನು ಕೈಬಿಡಬೇಕು. ನಮ್ಮ ಭಾಗದ ಸಂಸದರು ಯಾವ ಪಕ್ಷದವರೇ ಆಗಿರಲಿ, ಇದನ್ನು ಲೋಕಸಭೆಯಲ್ಲಿ ಎದ್ದು ನಿಂತು ಕೇಳಬೇಕು, ಗುತ್ತಿಗೆ ರೈತನ ನೋಂದಣಿಯ ಮಾತನ್ನೂ ಅದರ ಜೊತೆಗೇ ಎತ್ತಬೇಕು.