ಕಾಫಿ ಹೂ ತೋರ್ಸೋಕೆ ಹೋಗಿ 899 ರೂಪಾಯಿ ಹೋಯ್ತು!

ಹಿಂದೆ ಗುಂಯ್ ಅಂತಿರೋದು ಮೈಕ್ ಪ್ರಾಬ್ಲಮ್ ಅಲ್ಲ, ಜೇನು. ಕೊಡಗಿನ ಸುಂಟಿಕೊಪ್ಪದ ಹತ್ರ ನಮ್ಮ ಮಾವನ ಕಾಫಿ ತೋಟ ಇದು, ಮಳೆ ಬಿದ್ದು ಒಂಬತ್ತು ದಿನ, ಬೆಳಗಾಗೋದ್ರಲ್ಲಿ ಪೂರ್ತಿ ಬಿಳಿ. ವಾಸನೆ ವಿಡಿಯೋದಲ್ಲಿ ಬರಲ್ಲ ನೋಡಿ, ಮಲ್ಲಿಗೆ ಬುಟ್ಟಿ ಒಳಗೆ ಮುಖ ಇಟ್ಟಂಗಿದೆ.

ಕಾಫಿಲಿ ಎರಡು ಜಾತಿ ಇದೆ ಇಲ್ಲಿ, ಎಡಗಡೆ ಅರೇಬಿಕಾ, ಬಲಗಡೆ ರೋಬಸ್ಟಾ, ಎರಡೂ ಒಟ್ಟಿಗೆ ಸಿಕ್ಕಿದ್ದು ಲಕ್ಕು. ಎಸಳು ಎಣಿಸಿ. ಅರೇಬಿಕಾದಲ್ಲಿ ಸಾಮಾನ್ಯವಾಗಿ 5. ರೋಬಸ್ಟಾದಲ್ಲಿ ಇದು 5, ಪಕ್ಕದ್ದು 6, ಇಗೋ ಇಲ್ಲಿ 7! ಶಿಸ್ತೇ ಇಲ್ಲ ಇದಕ್ಕೆ.

ಪರಾಗ ಹತ್ತಿರದಿಂದ ತೋರ್ಸೋಣ ಅಂತ ಮೊಬೈಲಿಗೆ ಹಾಕೋ ಕ್ಲಿಪ್ ಲೆನ್ಸ್ ತರ್ಸಿದ್ದೆ, 899 ರೂಪಾಯಿ. ಆ ಕ್ಲಿಪ್ ಸರಿಯಾಗಿ ಪವರ್ ಬಟನ್ ಮೇಲೇ ಕೂರುತ್ತೆ, ಫೋಕಸ್ ಆಯ್ತು ಅನ್ನೋಷ್ಟ್ರಲ್ಲಿ ಸ್ಕ್ರೀನ್ ಆಫ್. ನಾಲ್ಕು ಸಲ. ಐದನೇ ಸಲ ಲೆನ್ಸೇ ಹಾರಿ ತರಗೆಲೆ ಒಳಗೆ ಬಿತ್ತು, ಅರ್ಧ ಗಂಟೆ ಹುಡುಕಿದೆ, ಸಿಕ್ಕಿದ್ದು ಯಾರೋ ಬಿಸಾಕಿದ ಗುಟ್ಕಾ ಪ್ಯಾಕೆಟ್. ಮಾವ ಬೇರೆ, "ಲೋ, ಗಿಡ ಅಲ್ಲಾಡಿಸ್ಬೇಡ, ಒಂದೊಂದು ಹೂವೂ ಕಾಫಿನೇ ಕಣೋ" ಅಂತ ಬೈದ್ರು. ಅತ್ತೆ ಅಕ್ಕಿ ರೊಟ್ಟಿಗೆ ಕರೀತಿದ್ದಾರೆ, ಬಂದೆ ಅತ್ತೆ, ಎರಡ್ ನಿಮಿಷ!

ಲೆನ್ಸ್ ಬೇಕಾಗೇ ಇರ್ಲಿಲ್ಲ ಅನ್ನೋದೇ ಹೊಟ್ಟೆಉರಿ. ಆಫ್ ಆಗಿರೋ ಕಪ್ಪು ಸ್ಕ್ರೀನ್ ಮೇಲೆ ರೋಬಸ್ಟಾ ಹೂ ತಟ್ಟಿದೆ, ನೋಡಿ, ಪರಾಗ ಪೌಡರ್ ಥರ ಉದುರ್ತು. ಹಗುರ, ಗಾಳಿಗೂ ಹೋಗುತ್ತೆ, ಜೇನಿನ ಕಾಲಿಗೂ ಅಂಟುತ್ತೆ. ಹೋಗ್ಲೇಬೇಕು, ಯಾಕಂದ್ರೆ ರೋಬಸ್ಟಾಗೆ ತನ್ನ ಪರಾಗ ತನಗೇ ಆಗಲ್ಲ, ಬೇರೆ ಗಿಡದ್ದು ಬಂದ್ರೇನೇ ಕಾಯಿ. ಅರೇಬಿಕಾಗೆ ಆ ತಲೆನೋವಿಲ್ಲ, ಹೆಚ್ಚಿನ ಹೂವು ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತೆ. ಕ್ರೋಮೋಸೋಮೇ ಡಬಲ್, ಅರೇಬಿಕಾಗೆ 44, ರೋಬಸ್ಟಾಗೆ 22. ಹಂಗಂತ ಅರೇಬಿಕಾ ಜಂಬ ಪಡೋ ಹಂಗಿಲ್ಲ, ಅದು ಹುಟ್ಟಿದ್ದೇ ರೋಬಸ್ಟಾ ಜಾತಿಗೂ ಯುಜೀನಿಯಾಯ್ಡಿಸ್ ಅನ್ನೋ ಇನ್ನೊಂದು ಜಾತಿಗೂ ಆದ ಬೆರಕೆಯಿಂದ, ಕಾಡಲ್ಲಿ, ತಾನಾಗೇ.

ಶಿಸ್ತಿಲ್ಲ ಅಂದಿದ್ದೆ ಅಲ್ವಾ, ವಾಪಸ್ ತಗೋತೀನಿ. ಈ 7 ಎಸಳಿಂದೇ ಚಂದ. ಇವತ್ತು ಜೋರು ಮಳೆ ಬಂದ್ರೆ ಈ ಪೌಡರೆಲ್ಲ ತೊಳ್ದೋಗುತ್ತೆ, ಮಾವ ಬೆಳಿಗ್ಗೆಯಿಂದ ಮೋಡ ನೋಡ್ತಾ ನಿಂತಿರೋದು ಅದಕ್ಕೇ. ಏನ್ ಮಾವ? ಮೇಲೆ ಹೆಜ್ಜೇನಾ? ಈಗ ಹೇಳ್ತೀರಾ! ಕ್ಯಾಮೆರಾ ಆಫ್, ಆಫ್...